ಬೆನ್ನಣ್ಣನ ಎರಡು ಬೆರಳು

ಬೀಳುವವರನ್ನು ಹಿಡಿಯುವುದಕ್ಕೆ ಸಂಬಳ ಕೊಡುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ಕೊಡುತ್ತಾರೆ ಸ್ವಾಮಿ. ವಿಶ್ವವಿದ್ಯಾಲಯದ ಹಿಂಬದಿಯ ಕಟ್ಟಡದ ನೆಲಮಹಡಿಯಲ್ಲಿ, ಮನುಷ್ಯರು ಹೇಗೆ ನಿಲ್ಲುತ್ತಾರೆ, ಹೇಗೆ ನಡೆಯುತ್ತಾರೆ, ಹೇಗೆ ಮುಗ್ಗರಿಸುತ್ತಾರೆ ಎಂದು ಅಳೆಯುವ ಪ್ರಯೋಗಾಲಯವೊಂದಿದೆ. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಒಬ್ಬ ಮನುಷ್ಯ ಬೇರೆಯವರ ಬೆನ್ನ ಹಿಂದೆ ನಿಂತುಕೊಂಡೇ ಸಂಸಾರ ಸಾಗಿಸಿದ್ದಾನೆ. ಹಾಜರಿ ಪುಸ್ತಕದಲ್ಲಿ ಅವನಿಗೆ ಏನೋ ಒಂದು ಹೆಸರಿದೆ. ಬಾಯಲ್ಲಿ ಎಲ್ಲರಿಗೂ ಅವನು ಬೆನ್ನಣ್ಣ.

ಅಲ್ಲಿಯ ಪ್ರಯೋಗ ಹೀಗೆ. ಕೋಣೆಯ ನಡುವೆ ಒಂದು ಕಪ್ಪು ನೆಲ, ಅದರ ಹೊಟ್ಟೆಯೊಳಗೆ ರೋಬೋಟಿನ ಮೋಟಾರು. ಅದರ ಮೇಲೆ ವಯಸ್ಸಾದವರೊಬ್ಬರನ್ನು ನಿಲ್ಲಿಸಿ, ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದು, ಕಣ್ಣಿಗೆ ವಿಆರ್ ಕನ್ನಡಕ ಹಾಕುತ್ತಾರೆ. ಕನ್ನಡಕ ಹಾಕಿದ್ದೇ ತಡ, ಅವರು ಎರಡು ಕಟ್ಟಡಗಳ ನಡುವೆ ಚಾಚಿದ ಮರದ ಹಲಗೆಯ ಮೇಲಿರುತ್ತಾರೆ. ಕೆಳಗೆ ಮೂವತ್ತು ಮಹಡಿಯಷ್ಟು ಆಳ. ಪಾಪ, ಅವರು ಜೀವ ಕೈಯಲ್ಲಿ ಹಿಡಿದು ನಿಂತಿರುವಾಗ ನೆಲ ಇದ್ದಕ್ಕಿದ್ದಂತೆ ಜರ್ರೆಂದು ನಾಲ್ಕು ಬೆರಳು ಸರಿಯುತ್ತದೆ. ಮೈಮೇಲೆ ಅಂಟಿಸಿದ ಬಟಾಣಿ ಗಾತ್ರದ ಹೊಳೆಯುವ ಗುಂಡುಗಳನ್ನು ಗೋಡೆಯ ಸುತ್ತಲಿನ ಹನ್ನೆರಡು ಕ್ಯಾಮೆರಾಗಳು ನೋಡಿ, ಆ ಮನುಷ್ಯ ಎಷ್ಟು ತೂಗಾಡಿದ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಬರೆದುಕೊಳ್ಳುತ್ತವೆ. ಇಷ್ಟೆಲ್ಲ ಓದಿದವರು ಸೇರಿ ಮುದುಕರ ಕಾಲಡಿಯ ನೆಲ ಎಳೆಯುವುದೇ ಎಂದು ನೀವು ಕೇಳಬಹುದು. ಬೆನ್ನಣ್ಣನೂ ಮೊದಲ ದಿನ ಕೇಳಿದ್ದ.

ಬಿದ್ದುಬಿಟ್ಟರೆ? ಅದಕ್ಕೇ ಬೆನ್ನಣ್ಣ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರ ಮಂಡಿಯೂ ನೆಲ ಮುಟ್ಟಿಲ್ಲ. ಆದರೆ ಆ ಕೆಲಸ ಅವನ ಮೈಗೇ ಹತ್ತಿಬಿಟ್ಟಿತ್ತು. ಬ್ಯಾಂಕಿನ ಸಾಲಿನಲ್ಲಿ ಮುಂದಿನವರು ಒಂಚೂರು ವಾಲಿದರೆ ಸಾಕು, ಇವನ ಕೈ ಎರಡೂ ಮುಂದಕ್ಕೆ. ಎರಡು ಸಲ ಬೈಸಿಕೊಂಡಿದ್ದಾನೆ, ಒಂದು ಸಲ ಜೇಬುಗಳ್ಳನೆಂದು ಕಾಲರ್ ಹಿಡಿಸಿಕೊಂಡಿದ್ದಾನೆ.

ಆ ಪ್ರಯೋಗಾಲಯದಲ್ಲಿ ಆರು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯನ್ನು ಅವನು ಮರಿ ಡಾಕ್ಟರು ಎಂದು ಕರೆಯುತ್ತಿದ್ದ. ಅವಳಿಗೆ ಊಟ ನೆನಪಿರುತ್ತಿರಲಿಲ್ಲ, ಬಾಚಣಿಗೆ ನೆನಪಿರುತ್ತಿರಲಿಲ್ಲ. ನೂರ ಹದಿನಾಲ್ಕು ಹಿರಿಯರ ತೂಗಾಟದ ಅಂಕಿ ಮಾತ್ರ ಬಾಯಿಪಾಠ. ಮೂರು ವಾರ ಈ ನೆಲದ ಮೇಲೆ ನಿಂತು ಅಭ್ಯಾಸ ಮಾಡಿದರೆ ಎಪ್ಪತ್ತರ ಮುದುಕರ ಕಾಲು ಮೂವತ್ತರ ಕಾಲಾಗುತ್ತದೆ ಎಂದು ಅವಳು ಕಂಡುಹಿಡಿದಿದ್ದಳು. ಬೇರೆ ಯಾವ ಪ್ರಯೋಗಾಲಯದಲ್ಲೂ ಇಷ್ಟು ಚೆಂದದ ಅಂಕಿ ಬಂದಿರಲಿಲ್ಲ. ತಿಂಗಳ ಕೊನೆಗೆ ಥೀಸಿಸ್ ಕೊಟ್ಟರೆ ಇನ್ನೊಂದು ಊರಿನ ಕಾಲೇಜಿನಲ್ಲಿ ಕೆಲಸ ಕಾದಿತ್ತು. ಇಂಥದೇ ನೆಲ ನಮಗೂ ಬೇಕೆಂದು ಎರಡು ಆಸ್ಪತ್ರೆಗಳು ಪ್ರೊಫೆಸರಿಗೆ ಪತ್ರ ಬರೆದಿದ್ದವು.

ಆ ನೂರ ಹದಿನಾಲ್ಕು ಜನರಲ್ಲಿ ಮೊದಲ ಸ್ಥಾನ ಯಾರದು ಗೊತ್ತೇ? ಬೆನ್ನಣ್ಣನ ಮಾವನವರದು. ಮೂವತ್ತೈದು ವರ್ಷ ಹೆಡ್ಮೇಷ್ಟರಾಗಿ ನಿವೃತ್ತರಾದವರು, ಈಗ ಮಗಳ ಮನೆಯನ್ನೇ ಶಾಲೆ ಮಾಡಿಕೊಂಡಿದ್ದರು. ಒಗ್ಗರಣೆ ಸೀದರೆ ಅವರ ಟಿಪ್ಪಣಿ, ಪೇಪರು ತಡವಾದರೆ ಅವರ ಟಿಪ್ಪಣಿ. ಮನೆಯಲ್ಲೇ ಹೊಲಿಗೆ ಮಾಡುವ ಮಗಳು, ಬ್ಲೌಸಿನ ಅಳತೆಗೂ ಅಪ್ಪನ ತಿದ್ದುಪಡಿ ಬಂದ ದಿನ ಗಂಡನಿಗೆ ಕೈ ಮುಗಿದಿದ್ದಳು: "ರೀ, ನಿಮ್ಮ ಆ ಅಲ್ಲಾಡೋ ನೆಲದ ಮೇಲೆ ಅಪ್ಪನ್ನ ಮೂರು ವಾರ ನಿಲ್ಲಿಸ್ಕೊಳ್ಳಿ. ಪುಣ್ಯ ಬರುತ್ತೆ."

ನಿಂತರು. ಎಪ್ಪತ್ತಾರು ವಯಸ್ಸು, ಇಪ್ಪತ್ತೊಂಬತ್ತರ ಹುಡುಗನ ತೂಗಾಟ! ಮರಿ ಡಾಕ್ಟರು ಖುಷಿಗೆ ಆ ತೂಗಾಟದ ನಕ್ಷೆಯನ್ನು ಅಚ್ಚು ಹಾಕಿಸಿ ಕೊಟ್ಟಳು. ಮಾವನವರು ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಹಾಲು ತರುವವನು, ಗ್ಯಾಸ್ ತರುವವನು, ಬ್ಲೌಸ್ ಕೊಡಲು ಬಂದ ಹೆಂಗಸರು, ಎಲ್ಲರೂ ಅದನ್ನು ನೋಡಿ ಎರಡು ಒಳ್ಳೆಯ ಮಾತು ಹೇಳಿಯೇ ಹೋಗಬೇಕು. ಅಳಿಯ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಮಾತ್ರ ಮಾವನವರು "ಕಂಪ್ಯೂಟರು" ಎಂದು ಹೇಳಿ ಬೇಗ ವಿಷಯ ಬದಲಾಯಿಸುತ್ತಿದ್ದರು.

ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಸುರಕ್ಷತಾ ಸಮಿತಿಯ ಆದೇಶ ಬಂತು: ಇನ್ನು ಮೇಲೆ ಮನುಷ್ಯರ ಕೈ ಸಾಲದು, ಚಾವಣಿಯಿಂದ ಹಗ್ಗ ಇಳಿಬಿಟ್ಟು ಎದೆಗೆ ಪಟ್ಟಿ ಕಟ್ಟಬೇಕು. ಪಟ್ಟಿ ಬಂತು, ಬೆನ್ನಣ್ಣನಿಗೆ ಗೋಡೆ ಪಕ್ಕ ಸ್ಟೂಲು ಬಂತು. ಮರುದಿನದಿಂದ ಅಂಕಿಗಳು ಕುಲಗೆಟ್ಟುಹೋದವು. ಮೂವತ್ತರ ಕಾಲುಗಳೆಲ್ಲ ರಾತ್ರೋರಾತ್ರಿ ಮತ್ತೆ ಎಪ್ಪತ್ತರ ಕಾಲಾದವು. ಮರಿ ಡಾಕ್ಟರು ಮೊದಲು ಹಗ್ಗದ ಮೇಲೆ ಅನುಮಾನಪಟ್ಟಳು, ಆಮೇಲೆ ಮೋಟಾರಿನ ಮೇಲೆ, ಆಮೇಲೆ ಕ್ಯಾಮೆರಾದ ಮೇಲೆ, ಕೊನೆಗೆ ಹಿರಿಯರು ಬೆಳಿಗ್ಗೆ ಏನು ತಿಂದರು ಎಂಬುದರ ಮೇಲೆ. ಪ್ರೊಫೆಸರು ಎರಡು ದಿನ ನೆಲದಡಿ ಟಾರ್ಚು ಹಿಡಿದು ಮಲಗಿದರು. ಒಂದು ದಿನ ಹಗ್ಗ ಹಾಗೇ ಇರಲಿ, ಬೆನ್ನಣ್ಣನೂ ಹಿಂದೆ ನಿಲ್ಲಲಿ ಎಂದರು. ಅವನು ನಿಂತ. ಅಂಕಿಗಳು ಮತ್ತೆ ಹೂವಿನಂತೆ ಅರಳಿದವು.

"ಬೆನ್ನಣ್ಣ, ನೀವು ಏನಾದ್ರೂ ಮಾಡ್ತೀರಾ ಹಿಂದೆ?" ಅವಳು ಕೇಳಿದಳು.

"ನಾನಾ? ಸುತಾರಾಂ ಇಲ್ಲ. ಬಿದ್ರೆ ಹಿಡೀತೀನಿ. ಯಾರೂ ಬೀಳಲ್ವಲ್ಲ!"

ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಭಾನುವಾರ, ಮನೆಯ ತಾರಸಿ ಮೆಟ್ಟಿಲ ಮೇಲೆ. ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಮುಂದೆ ಹತ್ತುತ್ತಿದ್ದಳು, ಇವನು ಹಿಂದೆ.

"ಬೆರಳು ತೆಗೀರಿ. ಕಚಗುಳಿ ಆಗುತ್ತೆ," ಎಂದಳು.

"ಯಾವ ಬೆರಳು? ನಾನು ಮುಟ್ಟೇ ಇಲ್ಲ."

"ಮುಟ್ಟೇ ಇಲ್ಲವಂತೆ! ಮದುವೆ ಆದಾಗಿಂದ ಮುಟ್ಕೊಂಡೇ ಹತ್ತಿದ್ದೀರಿ. ಬಗ್ಗಿ ನೋಡ್ಕೊಳ್ಳಿ."

ನೋಡಿದ. ಅವನ ಬಲಗೈಯ ಎರಡು ಬೆರಳು ಹೆಂಡತಿಯ ಸೊಂಟದ ಮೇಲೆ, ನೊಣ ಕೂತ ಹಾಗೆ ಕೂತಿದ್ದವು. ತಾವಾಗಿಯೇ! ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ನೂರ ಹದಿನಾಲ್ಕು ಬೆಲ್ಟುಗಳು ಕಣ್ಣ ಮುಂದೆ ಬಂದವು. ಮತ್ತೆ ಹನ್ನೆರಡು ಕ್ಯಾಮೆರಾ ಏನು ಕತ್ತೆ ಕಾಯುತ್ತಿದ್ದವೇ ಎಂದರೆ, ಆ ಕ್ಯಾಮೆರಾಗಳಿಗೆ ಹೊಳೆಯುವ ಗುಂಡು ಮಾತ್ರ ಕಾಣುತ್ತದೆ. ಬೆನ್ನಣ್ಣನ ಮೈಮೇಲೆ ಯಾರೂ ಗುಂಡು ಅಂಟಿಸಿರಲಿಲ್ಲ. ಗುಂಡಿಲ್ಲದ ಮನುಷ್ಯ ಕ್ಯಾಮೆರಾ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆರು ವರ್ಷ ಕಂಪ್ಯೂಟರು ನೋಡಿದ ಹುಡುಗಿ ಒಂದು ದಿನವೂ ಎದ್ದು ಬಂದು ಹಿಂದೆ ಇಣುಕಿರಲಿಲ್ಲ. ಓದಿದವರು!

ಆ ವಾರ ಬೆನ್ನಣ್ಣನ ಗಂಟಲಲ್ಲಿ ಬಿಸಿತುಪ್ಪ. ಹೇಳಿದರೆ ಹುಡುಗಿಯ ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೇಳದಿದ್ದರೆ ಥೀಸಿಸ್ ಪಾಸು, ಕೆಲಸ ಖಾಯಂ, ಎಲ್ಲರಿಗೂ ಸಂತೋಷ. ಆದರೆ ಆಸ್ಪತ್ರೆಯವರು ಆ ನೆಲ ತಂದು, ಮೂರು ವಾರ ನಿಂತ ಮುದುಕರಿಗೆ 'ನಿಮ್ಮದು ಮೂವತ್ತರ ಕಾಲು' ಎಂದು ಬೆನ್ನು ತಟ್ಟಿ ಬೀದಿಗೆ ಕಳಿಸುತ್ತಾರೆ. ಅವರು ಕೋಲು ಬಿಟ್ಟು ನಡೆಯುತ್ತಾರೆ, ಬೀಳುತ್ತಾರೆ. ಹಿಡಿಯುವುದಕ್ಕೆ ಅಲ್ಲಿ ಯಾರಿರುತ್ತಾರೆ? ಇದೊಂದು ಮಾತು ಅವನಿಗೆ ಅನ್ನ ಸೇರದ ಹಾಗೆ ಮಾಡಿತು. ಶುಕ್ರವಾರ ಚಹಾ ಯಂತ್ರದ ಮುಂದೆ ಅವಳನ್ನು ನಿಲ್ಲಿಸಿ, ಬೆರಳೆರಡನ್ನೂ ಎತ್ತಿ ತೋರಿಸಿ, ಎಲ್ಲ ಹೇಳಿಬಿಟ್ಟ.

ಅವಳು ಮೊದಲು ನಕ್ಕಳು. ಆಮೇಲೆ ಲೋಟ ಕೆಳಗಿಟ್ಟಳು. "ಎಷ್ಟು ಜನಕ್ಕೆ, ಬೆನ್ನಣ್ಣ?"

"ಎಲ್ಲರಿಗೂ ಅಂತ ಕಾಣುತ್ತೆ ಮರಿ ಡಾಕ್ಟ್ರೆ. ನನ್ನ ಬಾಯಿಗೆ ಮಣ್ಣು ಹಾಕ!"

"ನನ್ನ ಬಾಯಿಗೆ ಬಿತ್ತು," ಎಂದು ಅವಳು ಹಳೆಯ ಬೂಟುಗಳನ್ನು ಇಡುವ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಅಳು ಕೇಳಿಸಿತು. ಬೆನ್ನಣ್ಣ ಹೊರಗೆ ನಿಂತು ತಾನೂ ಅತ್ತ. ಅರ್ಧ ಗಂಟೆ ಕಳೆದು ಬಾಗಿಲು ತೆರೆದಾಗ ಅವಳ ಮೂಗು ಕೆಂಪಾಗಿತ್ತು, ಕೈಯಲ್ಲಿ ನಾಣ್ಯದಷ್ಟು ಅಗಲದ, ಒತ್ತಡ ಅಳೆಯುವ ಒಂದು ಸೆನ್ಸರ್ ಇತ್ತು. ಸಂಶೋಧಕರ ಹುಟ್ಟುಗುಣವೇ ಹಾಗೆ. ಮನೆಗೆ ಬೆಂಕಿ ಬಿದ್ದರೂ ಮೊದಲು ಎಷ್ಟು ಡಿಗ್ರಿ ಎಂದು ನೋಡುತ್ತಾರೆ. ಅದನ್ನು ಬೆಲ್ಟಿಗೆ ಅಂಟಿಸಿ, ತಾನೇ ನೆಲದ ಮೇಲೆ ನಿಂತು, "ಹಿಡೀರಿ, ಯಾವಾಗಲೂ ಹಿಡಿಯೋ ಹಾಗೆ," ಎಂದಳು.

ನಲವತ್ತು ಗ್ರಾಂ. ನಾಲ್ಕು ಬಿಸ್ಕತ್ತಿನ ಭಾರ.

"ಇದರಿಂದ ಒಂದು ಬೆಕ್ಕಿನ ಮರೀನೂ ನಿಲ್ಲಿಸೋಕಾಗಲ್ಲ," ಎಂದಳು ಅವಳು, ಅಂಕಿಯನ್ನೇ ನೋಡುತ್ತ. "ಹಿಂದೆ ಯಾರೋ ಇದ್ದಾರೆ ಅಂತ ಮೈಗೆ ಗೊತ್ತಾಗುತ್ತೆ, ಅಷ್ಟೇ. ಅಷ್ಟಕ್ಕೇ ನಿಲ್ತಾರೆ!"

ಪ್ರೊಫೆಸರು ಮೊದಲ ದಿನ ಹಳೆಯ ಅಂಕಿಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಎರಡನೆಯ ದಿನ ಆಸ್ಪತ್ರೆಗಳಿಗೆ ಕ್ಷಮಾಪಣೆ ಪತ್ರ ಬರೆದರು. ಮೂರನೆಯ ದಿನ ಅವಳನ್ನು ಕರೆದರು. ಕಾಲೇಜಿನವರು ಎರಡು ತಿಂಗಳು ಕಾಯಲು ಒಪ್ಪಿದ್ದರು, ಅದಕ್ಕಿಂತ ಒಂದು ದಿನವೂ ಇಲ್ಲ. "ಬೆರಳಿದ್ದಾಗ ಚೆನ್ನಾಗಿ ನಿಂತವರು ಬೆರಳಿಲ್ಲದಾಗ ನಿಲ್ಲಲ್ಲ ಅಂತ ತೋರಿಸು. ಹನ್ನೆರಡು ಜನ ಸಾಕು. ಅದೇ ನಿನ್ನ ಥೀಸಿಸ್."

ಕೇಳುವುದಕ್ಕೆ ಸುಲಭ. ನಿಯಮ ಮಾತ್ರ ಕಠಿಣ. ನಿಲ್ಲುವವರಿಗೆ ವಿಷಯ ಮೊದಲೇ ತಿಳಿಯಬಾರದು. ಬೆನ್ನಣ್ಣ ಎಂದಿನಂತೆ ಹಿಂದೆಯೇ ನಿಂತಿರಬೇಕು, ಬೆರಳು ಮಾತ್ರ ತಾಕಬಾರದು. ನೆಲ ಸರಿದ ಮೇಲೆ ಹತ್ತು ಸೆಕೆಂಡು ಕ್ಯಾಮೆರಾ ಓಡುತ್ತದೆ. ಆ ಹತ್ತು ಸೆಕೆಂಡು ಯಾರೂ ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ. ಪಟ್ಟಿ ಇದೆಯಲ್ಲ, ಬಿದ್ದರೂ ನೇತಾಡುತ್ತಾರೆ, ಏಟಾಗುವುದಿಲ್ಲ. ಇಷ್ಟು ದಿನ ಯಾರೂ ಬೀಳಬಾರದೆಂದು ಬೇಡುತ್ತಿದ್ದ ಹುಡುಗಿ ಈಗ ಯಾರಾದರೂ ಬೀಳಲಿ ಎಂದು ಬೇಡಬೇಕಾಯಿತು.

ಬೆನ್ನಣ್ಣನ ಕೈ ಕೇಳಬೇಕಲ್ಲ! ಮೊದಲ ದಿನ ಒಬ್ಬ ಅಜ್ಜಿ. ನೆಲ ಸರಿಯಿತು, ಅಜ್ಜಿ ವಾಲಿದರು, ಸೆನ್ಸರು ಕೀಂ ಎಂದಿತು. ಬೆರಳು ಆಗಲೇ ಅಲ್ಲಿತ್ತು. ಎರಡನೆಯ ದಿನ ಕೈ ಕಟ್ಟಿಕೊಂಡು ನಿಂತ, ಕೀಂ. ಮೂರನೆಯ ದಿನ ಕೈಯ ಮೇಲೆ ತಾನೇ ಗದರಿಕೊಂಡ, ಕೀಂ. ನಾಲ್ಕು ಜನರ ಅಂಕಿ ಹಾಳಾಯಿತು. ಮರಿ ಡಾಕ್ಟರು ಕ್ಯಾಲೆಂಡರ್ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದು ಹೆಂಡತಿಯ ಮುಂದೆ ಪ್ಯಾಂಟು ಇಟ್ಟ. "ನನ್ನ ಕೈ ಜೇಬಿಂದ ಹೊರಗೆ ಬರದ ಹಾಗೆ ಏನಾದ್ರೂ ಹೊಲಿದುಕೊಡು."

ಹೆಂಡತಿ ಅವನ ಮುಖ ನೋಡಿದಳು, ಪ್ಯಾಂಟು ನೋಡಿದಳು. "ಬ್ಯಾಂಕಲ್ಲಿ ಮತ್ತೆ ಕಾಲರ್ ಹಿಡಿದ್ರಾ?"

ವಿಷಯ ಹೇಳಿದ ಮೇಲೆ ಜೇಬಿನೊಳಗೆ ಎರಡು ಗಟ್ಟಿ ಗುಂಡಿ, ಅಂಗಿಯ ತೋಳಿಗೆ ಎರಡು ಕುಣಿಕೆ ಹೊಲಿದುಕೊಟ್ಟಳು. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಕೈ ಜೇಬಿಗೆ ಹಾಕಿ ಮರಿ ಡಾಕ್ಟರಿಂದ ಗುಂಡಿ ಹಾಕಿಸಿಕೊಂಡರೆ, ಮಧ್ಯಾಹ್ನದವರೆಗೆ ಬೆನ್ನಣ್ಣ ಮೂಗು ತುರಿಸಿಕೊಳ್ಳುವುದಕ್ಕೂ ಬೇರೆಯವರನ್ನು ಕರೆಯಬೇಕು. ಹಾಗೆ ಹನ್ನೊಂದು ಜನ ಮುಗಿದರು. ಎಲ್ಲರೂ ಚೆನ್ನಾಗಿಯೇ ಓಲಾಡಿದರು. ಬೆನ್ನಣ್ಣ ಪ್ರತಿ ಸಲ ಕಣ್ಣು ಮುಚ್ಚಿಕೊಂಡ.

ಹನ್ನೆರಡನೆಯವರು ಮಾವನವರು. ಬೇರೆ ದಾರಿಯಿರಲಿಲ್ಲ, ಮೊದಲ ಸ್ಥಾನ ಬಂದವರೇ ಇಲ್ಲದಿದ್ದರೆ ಪರೀಕ್ಷಕರು ಮೊದಲು ಅದನ್ನೇ ಕೇಳುತ್ತಾರೆ. ಕರೆದಾಗ ಮಾವನವರು ಕುಣಿದು ಒಪ್ಪಿಕೊಂಡರು. ಹಿಂದಿನ ವಾರವೆಲ್ಲ ಊಟಕ್ಕೆ ಕೂತಾಗ ಅದೇ ಮಾತು: "ನೋಡಿ ಅಳಿಯಂದ್ರೇ, ಮತ್ತೆ ನನ್ನನ್ನೇ ಕರೀತಿದ್ದಾರೆ. ಯಾಕೆ? ಇಂಥ ಕಾಲು ಇನ್ನೊಬ್ಬರಿಗಿಲ್ಲ." ಬೆನ್ನಣ್ಣ ತಟ್ಟೆಯೊಳಗೆ ಮುಖ ಹಾಕಿಕೊಂಡು ಅನ್ನ ಕಲಸಿದ್ದನ್ನೇ ಕಲಸುತ್ತಿದ್ದ. ಹೆಂಡತಿ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ನಿಯಮ ನಿಯಮವೇ, ಹೇಳುವಂತಿಲ್ಲ.

ಆ ದಿನ ಮಾವನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮೀಸೆ ತಿದ್ದಿಕೊಂಡು ಬಂದರು. ಪಟ್ಟಿ ಕಟ್ಟಿಸಿಕೊಳ್ಳುತ್ತ ಅಳಿಯನನ್ನು ನೋಡಿದರು.

"ಏನಿದು, ಜೇಬಲ್ಲಿ ಕೈ ಹಾಕ್ಕೊಂಡು ಜಮೀನ್ದಾರರ ಹಾಗೆ ನಿಂತಿದ್ದೀರಿ?"

"ಚಳಿ, ಮಾವ."

"ಈ ಸೆಕೇಲಿ?"

ಅವರು ಇನ್ನೇನೋ ಕೇಳುವಷ್ಟರಲ್ಲಿ ಮರಿ ಡಾಕ್ಟರು ಕನ್ನಡಕ ಹಾಕಿಸಿಬಿಟ್ಟಳು. ನೆಲ ಮೊದಲ ಸಲ ಸರಿಯಿತು. ಮಾವನವರು ಎರಡು ಕೈಯನ್ನೂ ಗಾಳಿಯಲ್ಲಿ ಬೀಸಿ, ಹೇಗೋ ನಿಂತರು. "ಏನೋ ಆಗಿದೆ ಇವತ್ತು ನಿಮ್ಮ ನೆಲಕ್ಕೆ," ಎಂದರು. ಎರಡನೆಯ ಸಲ ಮಂಡಿ ಕುಸಿಯಿತು, ಎದ್ದರು. ಕತ್ತಿನ ಹಿಂದೆ ಬೆವರಿಳಿಯುವುದು ಬೆನ್ನಣ್ಣನಿಗೆ ಕಂಡಿತು. ಅಂಗೈ ಅಗಲದ ದೂರದಲ್ಲಿ ಬೆಲ್ಟು. ಜೇಬಿನೊಳಗೆ ಅವನ ಬೆರಳುಗಳು ಬಟ್ಟೆಯನ್ನು ಪರಚುತ್ತಿದ್ದವು.

ಮೂರನೆಯ ಸಲ ಮಾವನವರು ಹಿಂದಕ್ಕೆ ವಾಲಿದರು. ವಾಲುತ್ತ ವಾಲುತ್ತ, ಹಿಂದೆ ಆತುಕೊಳ್ಳಲು ಏನೋ ಇದೆ ಎಂಬ ಧೈರ್ಯದಿಂದಲೇ ವಾಲಿದರು. ಏನೂ ಇರಲಿಲ್ಲ. ದಡಕ್ಕನೆ ಹಗ್ಗ ಬಿಗಿಯಿತು, ಹೆಡ್ಮೇಷ್ಟರು ಗಾಳಿಯಲ್ಲಿ ನೇತಾಡಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ನಿಜ. ಆದರೆ ಕನ್ನಡಕದೊಳಗೆ ಅವರು ಮೂವತ್ತು ಮಹಡಿಯ ಮೇಲೆ, ಹಲಗೆ ತಪ್ಪಿ, ಆಕಾಶದಲ್ಲಿದ್ದರು.

"ಅಳಿಯಂದ್ರೇ?"

ಒಂದು. ಎರಡು. ಮರಿ ಡಾಕ್ಟರು ಕಂಪ್ಯೂಟರಿನ ಹಿಂದಿನಿಂದ ಕೈಯೆತ್ತಿ, ಬೇಡ, ಬೇಡ ಎಂದು ಸನ್ನೆ ಮಾಡಿದಳು.

"ಅಳಿಯಂದ್ರೇ, ಇದ್ದೀರಾ ಅಲ್ಲಿ?"

ನಾಲ್ಕು. ಐದು. ಬೆನ್ನಣ್ಣ ತುಟಿ ಕಚ್ಚಿಕೊಂಡ. ಇಷ್ಟು ವರ್ಷದಲ್ಲಿ ಈ ಮನುಷ್ಯ ಎಂದೂ ಅವನನ್ನು ಹೀಗೆ ಕೂಗಿರಲಿಲ್ಲ.

"ಮಾತಾಡೀಪ್ಪಾ! ಭಯ ಆಗ್ತಿದೆ!"

ಏಳು. ಎಂಟು. ಒಂಬತ್ತು.

ಹತ್ತು ಎಂದು ಯಂತ್ರ ಸದ್ದು ಮಾಡಿದ್ದೇ ತಡ, ಹೆಂಡತಿ ಹೊಲಿದ ಗಟ್ಟಿ ಗುಂಡಿ ಎರಡೂ ಕಿತ್ತು ಗೋಡೆಗೆ ಹಾರಿದವು, ಒಂದು ಜೇಬೂ ಹರಿಯಿತು. ಮಾವನವರನ್ನು ತಬ್ಬಿ ಹಿಡಿದು, "ಇದ್ದೀನಿ ಮಾವ, ಇಲ್ಲೇ ಇದ್ದೀನಿ," ಎಂದು ಅಳುತ್ತ ಕನ್ನಡಕ ತೆಗೆದ. ಅತ್ತ ಮರಿ ಡಾಕ್ಟರು, "ಬಿದ್ರು! ಬೆನ್ನಣ್ಣ, ಬಿದ್ರು!" ಎಂದು ಕುರ್ಚಿ ಬಿಟ್ಟು ಹಾರಿದವಳು, ಮಾವನವರ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟು, ಇನ್ನು ಹೇಳಬಹುದಾದ್ದರಿಂದ, ಬೆನ್ನಣ್ಣ ಎಲ್ಲ ಹೇಳಿದ. ಬೆರಳು, ಬೆಲ್ಟು, ನಲವತ್ತು ಗ್ರಾಂ. ಮಾವನವರು ತರಗತಿಯಲ್ಲಿ ತಪ್ಪು ಉತ್ತರ ಕೇಳುವಾಗಿನ ಮುಖ ಮಾಡಿಕೊಂಡು ಕೇಳಿದರು.

"ಅಂದ್ರೆ ನನ್ನ ಇಪ್ಪತ್ತೊಂಬತ್ತರ ಕಾಲು..."

"ಇಲ್ಲ ಮಾವ."

ಮಾವನವರು ಲೋಟದ ನೀರು ಮುಗಿಸಿದರು. ಆಮೇಲೆ ಅವರು ಹುಡುಗಿಯ ಕಡೆ ತಿರುಗಿದರು. "ನಾನು ಬಿದ್ದಿದ್ದರಿಂದ ನಿನಗೆ ಪಾಸಾಗುತ್ತೇನಮ್ಮ?"

"ಆಗುತ್ತೆ ಸರ್. ನೀವೇ ಕೊನೆಯವರು. ಆಗೇ ಆಗುತ್ತೆ." ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಮೂವತ್ತೈದು ವರ್ಷ ಮೇಷ್ಟ್ರಾಗಿದ್ದೆ. ನಾನು ಫೇಲಾಗಿ ಮಕ್ಕಳನ್ನ ಪಾಸು ಮಾಡಿದ್ದು ಇದೇ ಮೊದಲು," ಎಂದು ಹೆಡ್ಮೇಷ್ಟರು ಮೀಸೆ ಸರಿಮಾಡಿಕೊಂಡರು.

ಹೊರಡುವಾಗ ಬೆನ್ನಣ್ಣ ಕೆಳಗೆ ಕೂತು ಅವರ ಬೂಟಿನ ದಾರ ಕಟ್ಟುತ್ತಿದ್ದ. ತಲೆಯ ಮೇಲಿಂದ ಮಾವನವರ ಧ್ವನಿ ಬಂತು, ಎಂದಿಗಿಂತ ಸಣ್ಣಗೆ.

"ನಿಮ್ಮ ಕೆಲಸ ಏನು ಅಂತ ನನ್ನ ಮಗಳನ್ನ ಒಂದು ಸಲ ಕೇಳಿದ್ದೆ, ಮದುವೆಗೆ ಮುಂಚೆ. ಏನಿಲ್ಲಪ್ಪ, ಸುಮ್ಮನೆ ಹಿಂದೆ ನಿಂತಿರ್ತಾರೆ ಅಂದ್ಲು."

"ನಿಜಾನೇ ಅಲ್ವಾ ಮಾವ."

"ಏನು ನಿಜ? ನೀವು ಸುಮ್ಮನೆ ನಿಂತಿದ್ದು ಇವತ್ತು ಮಾತ್ರ. ಹೇಗಿರುತ್ತೆ ಅಂತ ನೋಡಿದೆನಲ್ಲ."

ಬೆನ್ನಣ್ಣ ಕಟ್ಟಿದ್ದ ದಾರವನ್ನೇ ಬಿಚ್ಚಿ ಇನ್ನೊಂದು ಸಲ ಕಟ್ಟಿದ.